ಲಿಪೊಪ್ರೋಟೀನ್-ಎ: ಸಾಮಾನ್ಯ ವರದಿಯಲ್ಲಿ ಕಾಣದ ಅಪಾಯ

ಕೆಟ್ಟ ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ ಮಿತಿಯಲ್ಲಿದ್ದರೂ ಕೆಲವರಿಗೆ ಹೃದಯಾಘಾತ ಸಂಭವಿಸುವುದುಂಟು. ಇದಕ್ಕೆ ಲಿಪೊಪ್ರೋಟೀನ್-ಎ ಒಂದು ಕಾರಣವಾಗಿರಬಹುದು. ನಾರ್ವೆಯ ವಿಜ್ಞಾನಿ ಕೋರೆ ಬರ್ಗ್ 1963ರಲ್ಲಿ ಪತ್ತೆ ಹಚ್ಚಿದ ಈ ಕಣ ಎಲ್‌ಡಿಎಲ್ ಅನ್ನೇ ಹೋಲುತ್ತದೆ. ಆದರೆ ಅದಕ್ಕೆ ಮತ್ತೊಂದು ಪ್ರೋಟೀನು ಅಂಟಿಕೊಂಡಿರುತ್ತದೆ. ಅಪಧಮನಿಯ ಒಳಗೋಡೆಯನ್ನು ಸೇರಿ ಉರಿಯೂತವನ್ನು ಹೆಚ್ಚಿಸುವ ಇದು, ಅಲ್ಲಿ ಕೊಬ್ಬಿನ ಪದರ ಬೆಳೆಯಲು ಎಡೆ ಮಾಡಿಕೊಡುತ್ತದೆ.

ಇದರ ಪ್ರಮಾಣ ಬಹುಪಾಲು ವಂಶವಾಹಿಯಿಂದ ನಿರ್ಧಾರವಾಗುವುದರಿಂದ ಪಥ್ಯ, ವ್ಯಾಯಾಮಗಳಿಂದ ಹೆಚ್ಚೇನೂ ಇಳಿಯದು. ಸಾಮಾನ್ಯ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಸೇರಿರುವುದಿಲ್ಲ. ಪ್ರತ್ಯೇಕ ರಕ್ತಪರೀಕ್ಷೆ ಅಗತ್ಯ. ಪ್ರತಿ ಡೆಸಿಲೀಟರಿಗೆ 50 ಮಿಲಿಗ್ರಾಂ ಮೀರಿದರೆ ಅಪಾಯ ಹೆಚ್ಚು. ಜೀವನದಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ನಡೆಯಬೇಕೆಂದು ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಮಾರ್ಗಸೂಚಿಯಲ್ಲಿ ತಿಳಿಸಿದೆ.

ಪ್ರಮಾಣ ಅಧಿಕವಿರುವವರು ಎಲ್‌ಡಿಎಲ್, ರಕ್ತದೊತ್ತಡ, ಸಕ್ಕರೆಯನ್ನು ಹತೋಟಿಯಲ್ಲಿಟ್ಟು, ಧೂಮಪಾನ ತ್ಯಜಿಸಬೇಕು. ಒಡಹುಟ್ಟಿದವರೂ ಮಕ್ಕಳೂ ವೈದ್ಯರ ಸಲಹೆಯಂತೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.