ಯಂತ್ರದ ಕಥೆಗಳಿಗೆ ಬೇರೆ ಬೇರೆ ಮುಖ

ಕಂಪ್ಯೂಟರಿನಿಂದ ಕಥೆ ಕಟ್ಟಿಸುವ ಪ್ರಯತ್ನಕ್ಕೆ ಐವತ್ತು ವರ್ಷ ದಾಟಿದೆ. 1973ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಶೆಲ್ಡನ್ ಕ್ಲೈನ್ ಮತ್ತು ಸಂಗಡಿಗರ ಪ್ರೋಗ್ರಾಂ 2,100 ಪದಗಳ ಕೊಲೆ ರಹಸ್ಯವನ್ನು 19 ಸೆಕೆಂಡಿನೊಳಗೆ ಬರೆದು ಮುಗಿಸುತ್ತಿತ್ತು. ಶ್ರೀಮಂತರ ಮನೆಯಲ್ಲಿ ವಾರಾಂತ್ಯದ ಕೂಟ, ಅಲ್ಲೊಂದು ಹೆಣ. ಕೊಂದವರೂ ಸತ್ತವರೂ ಬದಲಾಗುತ್ತಿದ್ದರು. ಓದುವವರಿಗೆ ಮಾತ್ರ ಅದೇ ಕಥೆ. ಈ ಬೇಸರ ಕಳೆಯುವುದೇ ಆಮೇಲೆ ಬಂದವರ ದೊಡ್ಡ ಕೆಲಸವಾಯಿತು.

ಮೂರು ವರ್ಷದ ಬಳಿಕ ಯೇಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮೀಹನ್ ‘ಟೇಲ್-ಸ್ಪಿನ್’ ರೂಪಿಸಿದರು. ಅದರಲ್ಲಿ ಸಿದ್ಧ ಹಂದರವಿಲ್ಲ. ಕರಡಿಗೆ ಹಸಿವು, ಇರುವೆಗೆ ಬಾಯಾರಿಕೆ. ನೀಗಿಸಿಕೊಳ್ಳುವ ದಾರಿಯನ್ನು ಅವೇ ಹುಡುಕಬೇಕು. ಒಮ್ಮೆ ಹೆನ್ರಿ ಎಂಬ ಇರುವೆ ಹೊಳೆಗೆ ಜಾರಿ ಬಿತ್ತು. ಗೆಳೆಯ ಹಕ್ಕಿ ದಡದಲ್ಲೇ ಕೂತಿದ್ದರೂ ಇರುವೆ ಮುಳುಗಿ ಸತ್ತಿತು. ಕಣ್ಣೆದುರು ನಡೆದದ್ದನ್ನು ತಾನಾಗಿ ಗಮನಿಸುವ ಶಕ್ತಿಯನ್ನು ಹಕ್ಕಿಗೆ ಆಗಿನ್ನೂ ಕೊಟ್ಟಿರಲಿಲ್ಲ. ಸರಿಪಡಿಸಿದ ಮೇಲೆ ಬಂದ ಕಥೆಗಳಿಗಿಂತ ಈ ಎಡವಟ್ಟೇ ಜನರ ನೆನಪಿನಲ್ಲಿ ಉಳಿದಿದೆ. ಊಟ ನೀರು ಬಿಟ್ಟು ಹೆಚ್ಚೇನೂ ಬಯಸದ ಪಾತ್ರಗಳ ಬದುಕು ಎಷ್ಟು ತಾನೇ ಬೇರೆಬೇರೆಯಾದೀತು?

1999ರಲ್ಲಿ ರಫಾಯೆಲ್ ಪೆರೆಸ್ ಇ ಪೆರೆಸ್ ಅವರ ‘ಮೆಕ್ಸಿಕಾ’ ಹೊಸ ಹೆಜ್ಜೆ ಇಟ್ಟಿತು. ಬರೆಯುತ್ತಾ ನಡುವೆ ನಿಂತು, ತನ್ನಲ್ಲಿರುವ ಹಳೆಯ ಕಥೆಗಳ ಜೊತೆ ಹೋಲಿಸಿ, ತೀರಾ ಅದೇ ಥರ ಆಗುತ್ತಿದ್ದರೆ ದಾರಿ ಬದಲಿಸುವುದು ಅದರ ಕ್ರಮ.

ಸಂಶೋಧಕಿ ಕೇಟ್ ಕಾಂಪ್ಟನ್ ಎಲ್ಲವೂ ಒಂದೇ ಥರ ಕಾಣುವ ಈ ಸಮಸ್ಯೆಗೊಂದು ಹೆಸರನ್ನೇ ಕೊಟ್ಟರು: ಹತ್ತು ಸಾವಿರ ಬಟ್ಟಲು ಓಟ್ಸ್ ಗಂಜಿ. ಲೆಕ್ಕಕ್ಕೆ ಒಂದು ಬಟ್ಟಲಿನಂತೆ ಇನ್ನೊಂದಿಲ್ಲ, ತಿನ್ನುವವನಿಗೆ ಎಲ್ಲವೂ ಗಂಜಿಯೇ. ಪದಗಳ ಪಟ್ಟಿ ಉದ್ದ ಮಾಡಿದರೆ ವೈವಿಧ್ಯ ಬಂತೆಂದು ನಂಬುವವರು ಈ ಮಾತನ್ನು ನೆನಪಿಡಲೇಬೇಕು.

ನನ್ನ ಮಟ್ಟಿಗೆ ನಿಜವಾದ ಉತ್ತರ ಬಂದದ್ದು ಆಟಗಳಿಂದ. ಆಡಮ್ಸ್ ಸಹೋದರರ ‘ಡ್ವಾರ್ಫ್ ಫೋರ್ಟ್ರೆಸ್’ (2006) ಆಟಕ್ಕೆ ಮೊದಲೇ ಒಂದು ಲೋಕದ ಇಡೀ ಚರಿತ್ರೆಯನ್ನು ನಡೆಸಿಬಿಡುತ್ತದೆ. ಎಂದೋ ನಡೆದ ಕದನವನ್ನು ಇಂದಿನ ಕುಬ್ಜನೊಬ್ಬ ಗೋಡೆಯ ಮೇಲೆ ಕೆತ್ತುತ್ತಾನೆ. ‘ಕೇವ್ಸ್ ಆಫ್ ಕಡ್’ ಆಟ ಇನ್ನೂ ಜಾಣತನದ್ದು: ತನ್ನ ಲೋಕದ ಹಳೆಯ ಸುಲ್ತಾನನೊಬ್ಬನ ಬದುಕಿನ ಘಟನೆಯನ್ನು ಮೊದಲು ಯಾದೃಚ್ಛಿಕವಾಗಿ ಆರಿಸಿ, ಕಾರಣವನ್ನು ಆಮೇಲೆ ಹೊಂದಿಸುತ್ತದೆ. ಅವನ ಕಥೆ ಗುಡಿಯಲ್ಲಿ ಒಂದು ತುಣುಕು, ಮಡಕೆಯ ಚಿತ್ರದಲ್ಲಿ ಇನ್ನೊಂದು ತುಣುಕಾಗಿ ಸಿಗುತ್ತದೆ. ನಡುವಿನ ಬಿರುಕನ್ನು ಆಡುವವನೇ ತುಂಬಿಕೊಳ್ಳುವುದರಿಂದ ಆ ಸುಲ್ತಾನ ಮರೆತುಹೋಗುವುದಿಲ್ಲ.

ದೊಡ್ಡ ಭಾಷಾ ಮಾದರಿಗಳು ವಾಕ್ಯಗಳ ಬಡತನ ನೀಗಿಸಿದವು. ಆದರೆ ಎಲ್ಲವೂ ಒಂದೇ ಥರ ಆಗುವ ಹಳೆಯ ಕಾಯಿಲೆ ಮರಳಿತು. ಎಐ ಸಲಹೆ ಪಡೆದು ಬರೆದ ಕಥೆಗಳನ್ನು ಓದುಗರು ಹೆಚ್ಚು ಮೆಚ್ಚಿದರು, ಆದರೆ ಆ ಕಥೆಗಳು ಪರಸ್ಪರ ಹೆಚ್ಚು ಹೋಲುತ್ತಿದ್ದವು ಎಂದು 2024ರಲ್ಲಿ ದೋಶಿ ಮತ್ತು ಹೌಸರ್ ತೋರಿಸಿದರು. ಪಾತ್ರಕ್ಕೆ ನೆನಪು ಕೊಡದೆ ಇದು ವಾಸಿಯಾಗದು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 25 ಪಾತ್ರಗಳ ಊರು ಕಟ್ಟಿ, ನಡೆದದ್ದನ್ನೆಲ್ಲ ನೆನಪಿಡುವ ವ್ಯವಸ್ಥೆ ಮಾಡಿದರು. ಒಬ್ಬಳಿಗೆ ವ್ಯಾಲೆಂಟೈನ್ ದಿನದ ಪಾರ್ಟಿ ಮಾಡುವ ಆಸೆ ಹಚ್ಚಿದರು, ಅಷ್ಟೇ. ಸುದ್ದಿ ಬಾಯಿಂದ ಬಾಯಿಗೆ ಹೋಗಿ 12 ಜನಕ್ಕೆ ಕರೆ ತಲುಪಿತು, ಐವರು ಬಂದರು. ಚಿತ್ರಕಾರನೊಬ್ಬ ಮುಂದಿನ ಪ್ರದರ್ಶನದ ಕೆಲಸವಿದೆ ಎಂದು ತಪ್ಪಿಸಿಕೊಂಡ. ನಾಲ್ವರು ಬರುವ ಮನಸ್ಸಿದೆ ಎಂದು ಹೇಳಿಯೂ ಬರಲಿಲ್ಲ.