ದವಾಖಾನಿ ಅರಿವಿ, ಮನಿ ಬಕೀಟು

ನನ್ನ ಸೊಸಿ ಬೆಳಗಾವಿ ದವಾಖಾನ್ಯಾಗ ನರ್ಸ್ ಅದಾಳ. ಖಾನಾಪುರದಿಂದ ದಿನಾ ಬಸ್ಸಿನ್ಯಾಗ ಹೋಗಿ ಬರ್ತಾಳ. 2020ರ ಕೊರೊನಾದಾಗ ಒಂದಿನ ಆಕಿ ಯೂನಿಫಾರ್ಮನ್ನ ಮೊಮ್ಮಗನ ಅಂಗಿ ಜೋಡಿ ಒಂದ ಬಕೀಟಿನ್ಯಾಗ ನೆನಿ ಹಾಕಿದ್ದೆ. "ಅತ್ತಿ, ಇದು ಬ್ಯಾರೆನ ಒಗೀಬೇಕ್ರಿ" ಅಂದ್ಲು. ಮೂವತ್ತು ವರ್ಷ ಅರಿವಿ ಒಗದಾಕಿ ನಾನು, ಸಿಟ್ಟು ಬಂತು.

ಆಮ್ಯಾಲ ನಮ್ಮಜ್ಜಿ ಹೇಳತಿದ್ದ ಪ್ಲೇಗಿನ ಮಾತು ನೆನಪಾತು. ಇಲಿ ಸತ್ತು ಬಿದ್ದವು ಅಂದ್ರ ಮಂದಿ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕ್ತಿದ್ರಂತ. 1896ರಾಗ ಮುಂಬಯಿಗೆ ಬಂದ ಆ ರೋಗ ಈ ಕಡಿಗೂ ಹಬ್ಬಿತು. ಬೆಳಗಾವಿ ಆಗ ಮುಂಬಯಿ ಪ್ರಾಂತದಾಗ ಇತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದ ಮ್ಯಾಲ ಸರಕಾರದವರು ರೈಲಿನ ಮಂದಿನ್ನ ತಪಾಸಣಿ ಮಾಡಿದ್ರು, ರೋಗಿಗಳ ಅರಿವಿ ಸುಟ್ರು, ಇಲ್ಲಾ ಔಷಧಿ ನೀರಾಗ ಅದ್ದಿದ್ರು. ಬಡವರಿಗೆ ಇದ್ದದ್ದ ಎರಡು ಅರಿವಿ, ಮಂದಿ ಸಿಟ್ಟಾಗಿದ್ದು ತಪ್ಪಲ್ಲ. ಅರಿವಿಯೊಳಗ ಏನೈತಿ ಅಂತ ಯಾರೂ ತಿಳಿಸಿ ಹೇಳಿರಲಿಲ್ಲ. ಇಲಿ ಮೈಮ್ಯಾಲಿನ ಚಿಗಟ ರೋಗ ದಾಟಿಸ್ತದ ಅಂತ ಪಾಲ್ ಲೂಯಿ ಸಿಮೊಂ ಅನ್ನೂ ಫ್ರೆಂಚ್ ಡಾಕ್ಟರು ಕರಾಚಿಯಾಗ ಕಂಡಿದ್ದು 1898ರಾಗ. ಆ ಚಿಗಟ ಅರಿವಿ ಗಂಟಿನ್ಯಾಗ ಕುಂತು ಊರಿಂದ ಊರಿಗೆ ಹೋಗತಿತ್ತು.

ದವಾಖಾನಿಯವರೂ ತಡಾನ ಕಲತ್ರು. ಹಿಂದ ಯುರೋಪಿನ ಶಸ್ತ್ರವೈದ್ಯರಿಗೆ ರಕ್ತ ಒಣಗಿದ ಕೋಟ ದೊಡ್ಡಸ್ತಿಕಿ! 1847ರಾಗ ವಿಯೆನ್ನಾದ ಸೆಮ್ಮೆಲ್‌ವೈಸ್ ಡಾಕ್ಟರು ಕ್ಲೋರಿನ್ ಸುಣ್ಣದ ನೀರಾಗ ಕೈ ತೊಳಿಸಿದಾಗ ಬಾಣಂತ್ಯಾರ ಸಾವು ಇಳಿದ್ವು. ಆ ಪುಡಿ ಮೊದಲ ಹುಟ್ಟಿದ್ದು ಅರಿವಿ ಬೆಳ್ಳಗ ಮಾಡಾಕ, 1799ರಾಗ. ಅಗಸರ ಪುಡಿ ಡಾಕ್ಟರ ಕೈಗೆ ಬಂತು ನೋಡ್ರಿ.

ಈಗ ನಮ್ಮ ಮನ್ಯಾಗ ಯೂನಿಫಾರ್ಮಿಗೆ ಬ್ಯಾರೆ ಚೀಲ, ಬ್ಯಾರೆ ಬಕೀಟು. ಜಾಡಿಸಂಗಿಲ್ಲ. ಮಶೀನಿನ್ಯಾಗಾದ್ರ ಸಾಬೂನಪುಡಿ ಹಾಕಿ 60 ಡಿಗ್ರಿಗಿಂತ ಮ್ಯಾಲಿನ ಬಿಸಿನೀರು. ಕೈಲೆ ಒಗದ್ರ ಮೊದಲ ಸಾಬೂನ, ಆಮ್ಯಾಲ ಬ್ಲೀಚಿನ ನೀರಾಗ ಅರ್ಧಾ ತಾಸು. ಬಾಟ್ಲಿಮ್ಯಾಲ 5% ಅಂತ ಇದ್ರ 1 ಪಾಲಿಗೆ 99 ಪಾಲು ನೀರು. ಬ್ಲೀಚಿನ್ಯಾಗ ಆ್ಯಸಿಡ್ ಕೂಡಸಬ್ಯಾಡ್ರಿ, ವಿಷದ ಗಾಳಿ ಬರ್ತದ. ಸ್ವಚ್ಛ ಹಿಂಡಿ, ಬಿಸಲಾಗ ಒಣಾ ಹಾಕಿ, ಕಡೀಕ ನಿಮ್ಮ ಕೈ ತೊಳಕೋರಿ.

ಮೊಮ್ಮಗನೂ ಕಲತಾನ. ಅವ್ವ ಹಿತ್ತಲ ಬಾಗಿಲಿಂದ ಬಂದು ಜಳಕಾ ಮುಗಸೂತನಕ ಹೊಸ್ತಿಲದಾಗ ನಿಂತು ಕಾಯ್ತಾನ, ಆಮ್ಯಾಲ ಓಡಿ ಹೋಗಿ ತೆಕ್ಕಿ ಬೀಳ್ತಾನ.