ಬಿಳಿಯ ಕೋಣೆಯಲ್ಲಿ ಗೆನೊವೇವಾ

ರಾಬರ್ಟ್ ಶೂಮನ್ ಬರೆದ ಒಂದೇ ಒಂದು ಆಪೆರಾ 'ಗೆನೊವೇವಾ'. 1850ರ ಜೂನ್ 25ರಂದು ಲೈಪ್‌ಜಿಗ್‌ನಲ್ಲಿ ಸ್ವತಃ ಅವನ ಸಂಗೀತ ನಿರ್ವಹಣೆಯಲ್ಲೇ ರಂಗವೇರಿದರೂ ಮೂರು ಪ್ರಯೋಗಗಳಿಗೇ ನಿಂತುಹೋಯಿತು. ಅನಂತರ ಅದು ರಂಗಕ್ಕೆ ಬಂದದ್ದು ಅಪರೂಪ.

ಯುದ್ಧಕ್ಕೆ ಹೊರಟ ಸೀಗ್‌ಫ್ರೀಡ್ ಮಡದಿಯನ್ನು ನಂಬಿಗಸ್ತ ಗೋಲೋನ ವಶಕ್ಕೆ ಒಪ್ಪಿಸುತ್ತಾನೆ. ಗೋಲೋ ಅವಳನ್ನು ಮೋಹಿಸಿ, ತಿರಸ್ಕೃತನಾಗಿ, ಜಾರತನದ ಅಪವಾದ ಹೊರಿಸುತ್ತಾನೆ. ಗಂಡ ಅವಳನ್ನೊಂದು ಮಾತೂ ಕೇಳದೆ ಕೊಲ್ಲಿಸಲು ಆಜ್ಞೆ ಕೊಡುತ್ತಾನೆ. ಜೈಮಿನಿ ಭಾರತದ ಸೀತಾಪರಿತ್ಯಾಗ ಕೇಳಿ ಬೆಳೆದ ನಮಗೆ ಇದು ಹೊರಗಿನ ಕಥೆಯೆನಿಸಲಿಲ್ಲ. ಮೂಲ ದಂತಕಥೆಯ ಗೆನೊವೇವಾ ಮಗುವಿನೊಡನೆ ವರ್ಷಗಟ್ಟಲೆ ಕಾಡಿನಲ್ಲಿ ಬಾಳುತ್ತಾಳೆ. ಶೂಮನ್ ಆ ವನವಾಸವನ್ನೂ ಮಗುವನ್ನೂ ಕೈಬಿಟ್ಟು, ಗಂಡನನ್ನು ಬೇಗನೆ ಕರೆತಂದು ಮಂಗಳ ಹಾಡಿಸಿದ. ಮೂರನೆಯ ಅಂಕ ಸರಿಯಿಲ್ಲವೆಂದು ವಾಗ್ನರ್ ಹೇಳಿದ್ದಕ್ಕೆ ಮುನಿಸಿಕೊಂಡನೇ ಹೊರತು ತಿದ್ದಲಿಲ್ಲ.

ಜ್ಯೂರಿಕ್‌ನಲ್ಲಿ 2008ರಲ್ಲಿ ಮಾರ್ಟಿನ್ ಕುಶೇ ನಿರ್ದೇಶಿಸಿ, ಹಾರ್ನೊನ್‌ಕೋರ್ ವಾದ್ಯವೃಂದ ನಡೆಸಿದ ಪ್ರಯೋಗದ ಚಿತ್ರಮುದ್ರಿಕೆಯನ್ನು ನಾವು ನೋಡಿದೆವು. ಕೋಟೆಯಿಲ್ಲ, ಕಾಡಿಲ್ಲ; ಬಿಳಿ ಗೋಡೆಗಳ ಇಕ್ಕಟ್ಟಾದ ಒಂದು ಕೋಣೆ. ಪಾತ್ರಗಳು ತೊಟ್ಟಿರುವುದು ಶೂಮನ್‌ನ ಕಾಲದ ಉಡುಪು. ಮೊದಮೊದಲು ನಮಗೆ ಕಿರಿಕಿರಿಯೇ ಆಯಿತು. ನಾಲ್ಕು ಮುಖ್ಯ ಪಾತ್ರಗಳೂ ಬಹುಮಟ್ಟಿಗೆ ರಂಗದ ಮೇಲೆಯೇ ಇರುತ್ತವೆಂಬುದು ಆಮೇಲೆ ಕಣ್ಣಿಗೆ ಬಿತ್ತು. ಕಥೆಯಲ್ಲಿ ದೂರದ ರಣರಂಗದಲ್ಲಿರುವ ಗಂಡ, ಇಲ್ಲಿ ಹೆಂಡತಿಯ ಮಾನ ಹೋಗುವಾಗ ನಾಲ್ಕೇ ಹೆಜ್ಜೆ ಆಚೆಗಿದ್ದಾನೆ! 'ನನಗೆ ಗೊತ್ತಿರಲಿಲ್ಲ' ಎನ್ನಲು ಅವನಿಗೆ ಎಡೆಯೇ ಉಳಿಯದು.

ಕಡೆಯಲ್ಲಿ ಬಿಷಪ್ ಹರಸುತ್ತಾನೆ, ಮೇಳ ಜಯಘೋಷ ಮಾಡುತ್ತದೆ. ನಾವು ಮಾತ್ರ ಗೆನೊವೇವಾಳ ಮುಖವನ್ನೇ ನೋಡುತ್ತಿದ್ದೆವು; ಅವಳು ಮರಳಿದ್ದು ಅದೇ ಕೋಣೆಗೆ.